ಎರಡು ಬಸವಣ್ಯಪ್ಪರ ನಡುವೆ

ಮೂವತ್ತೊಂದು ವರ್ಷ ಶಿಕಾರಿಪುರದ ಮಂಡಿಯಲ್ಲಿ
ತೂಕದ ಪಟ್ಟಿ ಬರೆದ ಕೈ ಇದು.
ತಪ್ಪಿದ್ದು ಒಂದೇ ಸಲ, ಹೋದ ವಾರ.

ಗೋವಿನಜೋಳ ರಸ್ತೆಯ ತನಕ ಹರಡಿತ್ತು.
ಹಾಳೆಯ ಮೇಲೆ ಒಬ್ಬ ಬಸವಣ್ಯಪ್ಪ, ನಲವತ್ತು ಚೀಲ.
ನಾಲ್ಕು ಸಾಲು ಕೆಳಗೆ ಇನ್ನೊಬ್ಬ ಬಸವಣ್ಯಪ್ಪ,
ಅವನದೂ ನಲವತ್ತು.
ನಕಲು ಮಾಡುವಾಗ ಕಣ್ಣು
ಮೊದಲನೆಯವನ ಮೇಲಿಂದ ಎದ್ದು
ಎರಡನೆಯವನ ಮೇಲೆ ಇಳಿಯಿತು.
ನಡುವಿನ ಮೂವರು ಇಲ್ಲವಾದರು.
ಅವರಲ್ಲಿ ಅಂಜನಾಪುರದ ಗಂಗಮಾಳವ್ವ, ಹದಿನೇಳು ಚೀಲ,
ಸಂಜೆ ಕಿಟಕಿಯ ಸರಳು ಹಿಡಿದು ನಿಂತಳು:
“ನಾ ಎಲ್ಲಿ ಹ್ವಾದೆ, ಗುಮಾಸ್ತ್ರೆ?”

ಮಗಳು ಸುಗುಣಾ ಶಂಕರಘಟ್ಟದ ಲ್ಯಾಬಿನಲ್ಲಿದ್ದಾಳೆ. ಕೇಳಿ ನಕ್ಕಳು.
ಜೀವಕೋಶದೊಳಗೂ ಒಂದೇ ಸಾಲು
ಲಕ್ಷ ಕಡೆ ಬರೆದಿರುತ್ತದಂತೆ.
ಜೋಡಿ ತಪ್ಪಿ ಒಂದು ಇನ್ನೊಂದರ ಕೈ ಹಿಡಿದರೆ
ನಡುವಿನ ಊರು ಮಾಯ,
ಇಲ್ಲವೇ ಅದೇ ಊರು ಎರಡು ಸಲ.

ಯಾರಮ್ಮಾ ಬರೆದದ್ದು ಅಷ್ಟು ಸಲ?
ಅವೇ, ಅಂದಳು. ತಮ್ಮನ್ನು ತಾವೇ.
ಕೆಲವು ನಕಲು ಕಳಿಸಿ ಇದ್ದಲ್ಲೇ ಇರುತ್ತವೆ,
ಕೆಲವು ಗುಡಾರ ಕಿತ್ತುಕೊಂಡು ಹೊರಡುತ್ತವೆ,
ಕೆಲವಕ್ಕೆ ಕಾಲೇ ಇಲ್ಲ.

ಅದು ನನಗೆ ಗೊತ್ತು. ಗೋದಾಮಿನ ಹಿಂದೆ
ನೆಲಕ್ಕೆ ಮೂತಿ ಊರಿದ ಟ್ರೇಲರುಗಳು.
ಯಾರದೇ ಇಂಜಿನ್ನು ಬರಲಿ, ಕೊಂಡಿ ಹೊಂದಿದರೆ
ಹೊರಟೇಬಿಡುತ್ತವೆ.
ಎಳೆದವನಿಗೆ ಏನು ಸಿಕ್ಕಿತೋ.

ಮರುದಿನ ಗಂಗಮಾಳವ್ವ ಒಂದು ತೆನೆ ತಂದಳು.
“ನೋಡ್ರಿ, ರೋಗ ಬಿದ್ದೈತೇನು?”
ಬಿಳಿಚಿದ ಕಾಳಿನ ಮೇಲೆ ನೇರಳೆ ಚುಕ್ಕೆ.
ವ್ಯಾಪಾರಿ ಬೇಡವೆಂದ; ಸುಗುಣಾ ಎತ್ತಿಕೊಂಡಳು.
ಬಣ್ಣದ ಸಾಲಿನೊಳಗೆ ಬಂದು ಕೂತಿತ್ತಂತೆ ಒಂದು,
ಬಣ್ಣ ನಿಂತಿತ್ತು. ಕಾಳು ಬಲಿಯುವಾಗ ಎದ್ದು ಹೋಯಿತು.
ಬೇಗ ಎದ್ದಲ್ಲಿ ಅಗಲ ಮಚ್ಚೆ,
ತಡವಾದಲ್ಲಿ ಸಾಸಿವೆಯಷ್ಟು.

ಜೋಳದಲ್ಲಿ ನೂರಕ್ಕೆ ಎಂಬತ್ತೈದು ಪಾಲು
ಇವುಗಳದೇ ಬರಹ; ನಮ್ಮಲ್ಲಿ ಅರ್ಧ.
ಹೆಚ್ಚಿನವಕ್ಕೆ ಬೀಗ ಜಡಿದಿದೆ.
ಒಂದೆರಡನ್ನು ಕೆಲಸಕ್ಕೆ ಇಟ್ಟುಕೊಂಡಿದೆ ಮೈ,
ಅಂದಳು ಹೊಟ್ಟೆ ಮುಟ್ಟಿಕೊಂಡು. ಅವಳಿಗೀಗ ಏಳು ತಿಂಗಳು.
ತಾಯಿಗೂ ಮಗುವಿಗೂ ನಡುವೆ ಹೊಲಿಗೆ ಹಾಕುವುದು
ಎಂದೋ ಒಳನುಗ್ಗಿದ ವೈರಾಣುವಿನ ಒಂದು ಸಾಲು.
ಚೀಟಿ ಇಲ್ಲದೆ ಬಂದದ್ದು.

ಪಟ್ಟಿ ತಿದ್ದಿದೆ. ಜಾಗವಿರಲಿಲ್ಲ.
ಎರಡು ಬಸವಣ್ಯಪ್ಪರ ನಡುವೆ ಸಣ್ಣ ಅಕ್ಷರದಲ್ಲಿ
ಮೂವರನ್ನೂ ತುರುಕಿದೆ.
ರಾತ್ರಿ ಮನೆಗೆ ಬಂದ ಮೇಲೆ ನೆನಪಾಯಿತು:
ಗಾಬರಿಗೆ ಗಂಗಮಾಳವ್ವನನ್ನು
ಅಂಚಿನಲ್ಲೂ ಬರೆದಿದ್ದೆ, ಹದಿನೇಳು.

ಸಾಹುಕಾರರು ಇನ್ನೂ ನೋಡಿಲ್ಲ.