ಮೂರನೇ ಗೆರೆ

ಭಾನುವಾರ ಅಂಗನವಾಡಿಯ ಬೀಗ ತೆಗೆದೆ.
ಐದು ಬಡಾವಣೆಯ ದೊಡ್ಡವರು
ಮೂರು ವರ್ಷದವರ ಕುರ್ಚಿಗಳಲ್ಲಿ
ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತರು.
ಅಷ್ಟು ಕೆಳಗೆ ಕೂತು ಜಗಳವಾಡುವುದು ಕಷ್ಟ.
ಆದರೂ ಆಡಿದರು.

ಮೇಲಿನ ಅಪಾರ್ಟ್‌ಮೆಂಟಿನ ವಿಲಾಸಿನಿ ಪ್ರಭು:
ರಾಜಕಾಲುವೆ ಒತ್ತಿಕೊಂಡು ಕೂತವರು ನೀವು.
ಗುಜರಿ ಓಣಿಯ ಜಬೀನಾ:
ನಿಮ್ಮ ಕಾಂಪೌಂಡು ಎದ್ದ ವರ್ಷದಿಂದ ಅಲ್ವಾ ಮೇಡಂ
ನಮ್ಮ ಸ್ಟೌ ಮೇಲೆ ಜೀವಂತ ಮೀನು?
ಊರು ಸೂರೆ ಹೋದಮೇಲೆ ಕೋಟೆ ಬಾಗಿಲು ಹಾಕೋ ಮೀಟಿಂಗು ಇದು
ಎಂದು ಯಾರೋ ಎದ್ದರು, ಕುರ್ಚಿಯೂ ಜೊತೆಗೇ ಎದ್ದಿತು.

ನಾನು ಗೋಡೆ ನೋಡುತ್ತಿದ್ದೆ.
ಹೋದ ಚಿತ್ತೆ ಮಳೆಯ ರಾತ್ರಿ ನೀರು ನಿಂತದ್ದು
ಅಕ್ಷರಮಾಲೆಯ ಚಾರ್ಟಿನ ಕೊನೆಯ ಸಾಲಿನವರೆಗೆ.
ಮ ಉಳಿದಿದೆ, ಳ ತೊಳೆದುಹೋಗಿದೆ.
ನನ್ನ ಮಕ್ಕಳು ಮಳೆ ಎಂದು
ಬಾಯಲ್ಲಿ ಮಾತ್ರ ಹೇಳಬಲ್ಲರು.

ಆಮೇಲೆ ಪಿಳ್ಳಮುನಿಯಪ್ಪ ನನ್ನ ಬಳಪ ಕೇಳಿ ಪಡೆದ.
ಅವನ ತಾತ ನೀರಗಂಟಿ, ತೂಬಿನ ಬೀಗದಕೈ ಇಟ್ಟವನು.
ನೆಲದ ಮೇಲೆ ಒಂದೂ ರಸ್ತೆ ಬರೆಯಲಿಲ್ಲ,
ಲೇಔಟಿನ ಹೆಸರು ಬರೆಯಲಿಲ್ಲ,
ಅಂಗಿಯ ಗುಂಡಿಗಳ ಹಾಗೆ
ಒಂದರ ಕೆಳಗೊಂದು ಕೆರೆ ಬರೆದ.
ಎರಡು ಗುಂಡಿ ಕಿತ್ತುಹೋಗಿದ್ದವು.
ಒಂದರ ಮೇಲೆ ಬಸ್ ಡಿಪೋ,
ಇನ್ನೊಂದರ ಮೇಲೆ ನಾವೇ ಕೂತಿದ್ದೆವು.

'ಗೋಡೆ ಪಕ್ಕದೋನಲ್ಲ ಸ್ವಾಮಿ ನೆರೆಯೋನು,
ನಿಮ್ಮ ನೀರು ಯಾರ ಮನೆಗೆ ಹೋಗ್ತದೋ ಅವನು.'

ನೆರೆ ಎಂದರೆ ಪಕ್ಕದ ಮನೆ.
ನೆರೆ ಎಂದರೆ ಉಕ್ಕಿ ಬರುವ ನೀರು.
ಎರಡಕ್ಕೂ ಒಂದೇ ಮಾತಿಟ್ಟವರು
ಕೆರೆಯ ಕೆಳಗೆ ಸಂಸಾರ ಮಾಡಿದವರೇ ಇರಬೇಕು.

ಯೋಜನೆ ಎಂದರೆ ನನಗೆ ಗೊತ್ತಿದ್ದುದು
ಮೊಟ್ಟೆಯ ಲೆಕ್ಕ, ತೂಕದ ಲೆಕ್ಕ.
ಆದರೆ ಕತ್ತಲಲ್ಲಿ ಯಾರನ್ನು ಎತ್ತಬೇಕು
ಎಂದು ಅವರು ಕೇಳಿದಾಗ
ಉತ್ತರ ನನ್ನ ರಿಜಿಸ್ಟರಿನಲ್ಲೇ ಇತ್ತು:
ಏಳು ತಿಂಗಳ ಬಸುರಿ ಶಾಂತಮೇರಿ,
ಮಾತು ಕೇಳಿಸದ ಅವಳಿಗಳು,
ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವ ಟೈಲರು.
ಓದುತ್ತಾ ಹೋದೆ. ಫ್ಯಾನಿನ ಸದ್ದು ಜೋರಾಯಿತು.

'ನಮ್ಮ ಕ್ಲಬ್‌ಹೌಸು ಎತ್ತರದಲ್ಲಿದೆ,' ಎಂದರು ವಿಲಾಸಿನಿ ಪ್ರಭು,
ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು.
'ಜನರೇಟರೂ ಇದೆ.' ಸ್ವಲ್ಪ ತಡೆದು,
'ಚಪ್ಪಲಿ ಮಾತ್ರ ಹೊರಗೆ ಬಿಡಬೇಕು.'
ಜಬೀನಾ ನಕ್ಕಳು: 'ಇದ್ರೆ ಬಿಡ್ತೀವಿ ಮೇಡಂ,
ಮೊದಲು ತೇಲೋದೇ ಅವು.'

ಮೋರಿ ಕಂಬಕ್ಕೆ ಮೂರು ಗೆರೆ ಬಳಿದೆವು,
ಬಿಳಿ, ಹಳದಿ, ಕೆಂಪು.
ರಾತ್ರಿಯೆಲ್ಲ ಎದ್ದಿರುವವನು ಒಬ್ಬನೇ,
ಮೇಲಿನ ಗೇಟಿನ ಸನಾತನ, ಒಡಿಶಾದವನು.
ಅವನು ನನಗೆ, ನಾನು ಜಬೀನಾಗೆ,
ಜಬೀನಾ ಪಿಳ್ಳಮುನಿಯಪ್ಪನ ಮನೆಗೆ,
ಅಲ್ಲಿಂದಾಚೆ ಕೆಳಗಿನ ಹಳ್ಳಿಗೆ.
ಸನಾತನನಿಗೆ ಎರಡು ಕನ್ನಡ ಕಲಿಸಿದೆ:
ನೀರು ಬಂತು. ಏನಿಲ್ಲ.
ಏನಿಲ್ಲ ಅನ್ನೋಕೂ ಫೋನ್ ಮಾಡಬೇಕಾ ಅಕ್ಕ?
ಅದಕ್ಕೇ ಮೊದಲು ಮಾಡಬೇಕು, ಎಂದೆ,
ಖಾತ್ರಿ ನನಗೂ ಇರಲಿಲ್ಲ.

ಈ ವರ್ಷದ ಚಿತ್ತೆ ತಡವಾಗಿ ಬಂದಳು.
ಶೀಟಿನ ಮೇಲೆ ಅವಳ ಕಡಲೆಕಾಳು.
ಮಂಚದ ಕಾಲಿನ ಕೆಳಗೆ ಇಟ್ಟಿಗೆ ಆಗಲೇ ಇಟ್ಟಿದ್ದೆ,
ರಿಜಿಸ್ಟರು ಪ್ಲಾಸ್ಟಿಕ್ಕಿನಲ್ಲಿ, ಎದೆಯ ಮೇಲೆ.
ಎರಡೂ ಹತ್ತಕ್ಕೆ ಫೋನು.
ಕೈ ನಡುಗಿ ಮೊದಲ ಸಲ ಕಟ್ ಆಯಿತು.
ಮತ್ತೆ ಬಂತು.

'ಅಕ್ಕ. ಬಿಳಿ ಗೆರೆ. ಏನಿಲ್ಲ.'
ಅವನ ಹಿಂದೆ ಮಳೆ, ಅವನ ಕೊಡೆಯ ಮೇಲೆ ಮಳೆ,
ಮಲ್ಕೊಳ್ಳಿ, ಎಂದ. ಅದನ್ನು ನಾನು ಕಲಿಸಿರಲಿಲ್ಲ.

ಜಬೀನಾಳನ್ನು ಎಬ್ಬಿಸಿದೆ.
ಏನಿಲ್ಲ, ಎಂದೆ.
ಏನಿಲ್ಲ ಅಂತ ಹೇಳೋಕೆ ಎಬ್ಬಿಸಿದ್ಯಾ
ಎಂದು ಚೆನ್ನಾಗಿ ಬೈದು ಇಟ್ಟಳು.

ಒಂದು ನಿಮಿಷ ಬಿಟ್ಟು ಮತ್ತೆ ಮಾಡಿದೆ.
ಅವಳ ಲೈನು ಬಿಜಿ.