ಇರುವೆ ಕಚ್ಚಿದ ಹಾಗೆ

ಬೆಳಗಿನ ಐದೂಮುಕ್ಕಾಲು. ಕಾಮಾಕ್ಷಿಪಾಳ್ಯ, ಎರಡನೇ ಕ್ರಾಸು.
ಖಾಲಿ ಹೊಟ್ಟೆಯ ಜನ ನನಗಾಗಿ ಕಾಯುತ್ತಿರುತ್ತಾರೆ,
ಕಾಫಿ ತಡವಾದದ್ದು ನನ್ನಿಂದಲೇ ಎಂಬ ಮುಖ ಹೊತ್ತು.
ಸ್ಕೂಟರಿನ ಡಿಕ್ಕಿಯಲ್ಲಿ ಐಸ್ ಡಬ್ಬಿ, ಹತ್ತಿ, ಸೂಜಿ.
ಕಿವಿಯಲ್ಲಿ ಮೂರನೇ ವಾರದ ಪಾಠ:
ಇನ್ನೊಬ್ಬರಿಗೆ ಮನಸ್ಸಿದೆಯೆಂದು ನಿಮಗೆ ಹೇಗೆ ಗೊತ್ತು?

ಬೇಸಿಗೆಯ ಕೋರ್ಸು, ಎಂಟು ವಾರ. ಫೀಸಿಲ್ಲ,
ಸರ್ಟಿಫಿಕೇಟು ಬೇಕೆಂದರೆ ಮಾತ್ರ ದುಡ್ಡು.
ಮೇಷ್ಟ್ರದು ಯಾವುದೋ ದೇಶ. ಅವರ ಕಿಟಕಿಯಾಚೆ
ಹಸಿರು ತೊನೆಯುತ್ತಿರುತ್ತದೆ; ಇಲ್ಲಿ ಬೋರು ಬತ್ತಿ
ಬೀದಿಯೆಲ್ಲ ಟ್ಯಾಂಕರಿಗೆ ಫೋನು ಹಚ್ಚುತ್ತಿರುತ್ತದೆ.
ಅವರ ಇಂಗ್ಲಿಷನ್ನು ಮುಕ್ಕಾಲು ವೇಗಕ್ಕೆ ಇಳಿಸಿ ಕೇಳುತ್ತೇನೆ.
ಆಗ ತತ್ವಜ್ಞಾನ ತುಸು ಕುಡಿದವರ ಹಾಗೆ ಮಾತಾಡುತ್ತದೆ.

ಪಿಯುಸಿಗೆ ತರ್ಕಶಾಸ್ತ್ರ ತೆಗೆದುಕೊಳ್ಳುತ್ತೇನೆಂದಿದ್ದೆ.
'ಅದರಿಂದ ಅನ್ನ ಹುಟ್ಟತ್ತಾ?' ಅಂದರು ಸೋದರಮಾವ.
ಕೇಳಿದ್ದು ತರ್ಕವೇ, ಅವರಿಗೆ ತಿಳಿದಿರಲಿಲ್ಲ ಅಷ್ಟೆ.
ಹದಿನೇಳು ವರ್ಷವಾಯಿತು,
ಅನ್ನ ರಕ್ತದಿಂದ ಹುಟ್ಟುತ್ತಿದೆ.

ದಿನಕ್ಕೆ ಮೂವತ್ತು ಸಲ ಒಂದೇ ಮಾತು:
ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ.
ಯಾವ ಇರುವೆ? ಗೊದ್ದವೋ, ಕೆಂಜಿಗವೋ?
ಕಚ್ಚಿದ್ದು ಯಾರಿಗೆ?
ಈಗೀಗ ಹೇಳುವ ಮುಂಚೆ ನಾಲಿಗೆ ಒಂದು ಕ್ಷಣ ತಡೆಯುತ್ತದೆ,
ಬಣ್ಣ ಬಳಿಯದ ಹಂಪು ಎದುರಾದಂತೆ.

ಆ ಗುರುವಾರ, ಚಿಕ್ಕವೀರಯ್ಯ, ಎಪ್ಪತ್ತೊಂದು.
ಲಕ್ವ ಹೊಡೆದು ಮಾತು ನಿಂತಿದೆ. ಕರೆಂಟೂ ಇರಲಿಲ್ಲ.
ಮಗಳು ಯಶೋಮತಿ ಮೊಬೈಲ್ ಟಾರ್ಚು ಹಿಡಿದು ಹೇಳಿದಳು,
'ಬಿದ್ದ ಕೈಗೇ ಚುಚ್ಚಿ ಮೇಡಂ,
ಅಣ್ಣನಿಗೆ ಅಲ್ಲಿ ಏನೂ ಗೊತ್ತಾಗಲ್ಲ.'
ಬಿದ್ದ ಕೈಯಲ್ಲಿ ತೆಗೆಯುವಂತಿಲ್ಲ, ನಮಗೆ ಕಲಿಸಿದ್ದು ಹಾಗೆ.
ಗೊತ್ತಾಗುವ ಕೈಯೇ ಬೇಕು.
ಅದನ್ನು ದಿಂಬಿನ ಮೇಲಿಟ್ಟು ನರ ಹುಡುಕಿ
ಇರುವೆ ಕಚ್ಚಿದ ಹಾಗೆ, ಅಂದೆ.
ನನ್ನನ್ನೇ ನೋಡಿದರು. ಕಣ್ಣು ಕಿರಿದಾಯಿತು:
ನೋವೋ, ನಗುವೋ, ಟಾರ್ಚಿನ ಬೆಳಕೋ.
ಮೂರಕ್ಕೂ ಆ ಮುಖದಲ್ಲಿ ಉಳಿದಿದ್ದದ್ದು ಒಂದೇ ಗೆರೆ.

ರಾತ್ರಿ ಅದನ್ನೇ ಬರೆದು ಕಳಿಸಿದೆ. ಮುನ್ನೂರು ಪದದ ಮಿತಿ.
ಹೆಸರು ಬದಲಿಸಿದೆ, ಟಾರ್ಚು ಬಿಡಲಿಲ್ಲ.
ಮುಖ ಕಾಣದ ಮೂವರು ಸಹಪಾಠಿಗಳು ಅಂಕ ಹಾಕಬೇಕು.
ಒಬ್ಬರು ಹತ್ತಕ್ಕೆ ಹತ್ತು; ಓದಿರಲಾರರು.
ಒಬ್ಬರು ಅಲ್ಪವಿರಾಮ ತಿದ್ದಿದರು.
ಮೂರನೆಯವರು: 'ಉದಾಹರಣೆ ಚೆನ್ನಾಗಿದೆ. ವಾದ ಎಲ್ಲಿ?'

ವಾದ ಎಲ್ಲಿ.
ಹಾಲು ಉಕ್ಕಿತು. ಸ್ಟವ್ ಒರೆಸಿದೆ.
ಬರೆಯದೆ ಬಿಟ್ಟದ್ದು ಇಷ್ಟು: ಟ್ಯೂಬಿನ ಮೇಲೆ
ಹೆಸರು, ವಯಸ್ಸು, ಹೊತ್ತು ಗೀಚುವಾಗ
ಅಂಗೈಯಲ್ಲಿ ಅದು ಬೆಚ್ಚಗಿತ್ತು,
ಐಸಿಗೆ ಹಾಕಲು ಎಂದಿಗಿಂತ ತಡಮಾಡಿದೆ.

ಮುಂದಿನ ಗುರುವಾರ ಮತ್ತೆ ಅದೇ ಮನೆ. ಕರೆಂಟಿತ್ತು.
ಇರುವೆಯ ಸುದ್ದಿ ಎತ್ತಲಿಲ್ಲ.
ಸ್ವಲ್ಪ ನೋಯತ್ತೆ, ಅಂದೆ.
ಕೈ ಅವರೇ ಮುಂದಿಟ್ಟರು.
ನನ್ನದೇ ನಡುಗಿತು,
ಎರಡು ಸಲ ಚುಚ್ಚಬೇಕಾಯಿತು.