ಕೈ ಅಂದಾಜು

ಜಾರಿದ್ದು ಅವಳು, ಬಚ್ಚಲ ಹೊಸ್ತಿಲಲ್ಲಿ.
ಮುರಿದದ್ದು ಬಲಗೈ ಮಣಿಕಟ್ಟು.
ಸಿಕ್ಕಿಬಿದ್ದದ್ದು ನಾನು.

"ಒಂದೇ ಬಾಣಲೆ," ಅಂದಳು ಇಂದ್ರಮ್ಮ,
ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು,
ಬಿಳಿ ಪಟ್ಟಿನ ಕೈಯನ್ನು ಕೂಸಿನ ಹಾಗೆ
ತೊಡೆಯ ಮೇಲೆ ಮಲಗಿಸಿಕೊಂಡು.
"ಬೇಯಿಸೋರೂ ನೀವೇ, ತಿಕ್ಕೋರೂ ನೀವೇ.
ಎರಡನೇದು ಇಳಿಸಿದರೆ ನಿಮ್ಮ ಹಣೆಬರಹ."
ಹಾಗಾಗಿ ಇವತ್ತು ಮುದ್ದೆಯೂ ಇಲ್ಲ.
ಹಾಸನದಲ್ಲಿ ಹುಟ್ಟಿ ಮುದ್ದೆಯಿಲ್ಲದ ರಾತ್ರಿ,
ಅಕ್ಕಪಕ್ಕದವರಿಗೆ ಹೇಳುವಂಥದ್ದಲ್ಲ.

ಮೀನು ನಸ್ರುಲ್ಲಾನದು. ಗೊರೂರಿಂದ
ಟಿವಿಎಸ್ ಬೆನ್ನಿಗೆ ಐಸಿನ ಡಬ್ಬ ಕಟ್ಟಿ ಬರುತ್ತಾನೆ.
"ಜಿಲೇಬಿ ತಗೊಳ್ಳಿ ಸಾರ್, ಹೇಮಾವತಿ ನೀರಿಂದು."
ಸಕ್ಕರೆ ಕಾಯಿಲೆ ಅಂತ ಚೀಟಿ ಬರೆದು ಆರು ತಿಂಗಳು;
ಡಾಕ್ಟರ ಪೆನ್ನಿನ ಗೀಟು
ಈ ಜಿಲೇಬಿಯ ಮೇಲೆ ಮಾತ್ರ ಬಿದ್ದಿಲ್ಲ.

ಮೂವತ್ತೊಂದು ವರ್ಷ
ಎಪಿಎಂಸಿ ಯಾರ್ಡಿನಲ್ಲಿ ಆಲೂಗಡ್ಡೆ ತೂಗಿದವನು ನಾನು.
ಲಾರಿಯವನು ಆತುರಪಟ್ಟರೂ,
ರೈತ ಕಣ್ಣು ಕಿರಿದು ಮಾಡಿಕೊಂಡು ನಿಂತರೂ
ಮುಳ್ಳು ನಿಲ್ಲಬೇಕು ಮೊದಲು, ಮಾತು ಆಮೇಲೆ.
ಅಂಥವನು ಕೇಳಿದೆ: "ಖಾರದಪುಡಿ ಎಷ್ಟು?"
"ಮೀನಿಗೆ ಬೇಕಾದಷ್ಟು."
"ಅಂದರೆ?"
"ಕೈಗೆ ಗೊತ್ತಾಗುತ್ತೆ."
"ನನ್ನ ಕೈಗೆ ಗೊತ್ತಿಲ್ಲ ಕಣೇ."
"ಐವತ್ತು ಕೆಜಿ ಚೀಲ ಎತ್ತಿ ಅರ್ಧ ಕೆಜಿ ಕಮ್ಮಿ ಅಂತೀರಲ್ಲ,
ಆ ಕೈ ಯಾರದು?"

ಉತ್ತರ ಹೊಳೆಯಲಿಲ್ಲ. ಮೀನು ತೊಳೆದೆ.
ಅರಿಶಿನ, ನಿಂಬೆ, ಖಾರ; ಓರೆಯಾಗಿ ಮೂರು ಗೀರು.
ಈರುಳ್ಳಿ ಹೆಚ್ಚುತ್ತ ನಾನು ಕಣ್ಣೀರು ಒರೆಸಿಕೊಳ್ಳುವುದನ್ನು
ಹಳೇ ಬಾಕಿ ವಸೂಲಾದ ಹಾಗೆ ನೋಡಿದಳು.

ಎರಡು ಚಮಚ ಎಣ್ಣೆ. ಇದೊಂದು ಡಾಕ್ಟರ ಲೆಕ್ಕ, ತಕರಾರಿಲ್ಲ.
ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು,
ಬೀನ್ಸು, ಕ್ಯಾರೆಟ್ಟು, ಗೆಡ್ಡೆಕೋಸಿನ ತೆಳು ಬಿಲ್ಲೆ.
"ಅರೆಬೆಂದವಾ? ಎಲ್ಲಾ ಪಕ್ಕಕ್ಕೆ ಸರಿಸಿ,
ನಡುವೆ ಮೀನಿಗೆ ಜಾಗ ಮಾಡಿ.
ಬಸ್ಸಲ್ಲಿ ಬಸುರಿಗೆ ಮಾಡಿಕೊಡಲ್ವಾ, ಹಾಗೆ."
ಚುರ್ ಅಂದಿತು. ಸೌಟು ಎತ್ತಿದೆ.
"ಮುಟ್ಟಬೇಡಿ. ಅಡಿ ಹಿಡಿದದ್ದು ತಾನಾಗೇ ಬಿಡಲಿ.
ನಿಮ್ಮ ಮುಳ್ಳು ನಿಲ್ಲೋಕೆ ಕಾಯ್ತಿದ್ದಿರಲ್ಲ,
ಹಾಗೇ ಕಾಯಿರಿ."

ಜೇಬಿನಲ್ಲಿ ಒಂದು ಆಲೂಗಡ್ಡೆಯಿತ್ತು,
ಯಾರ್ಡಿನಿಂದ ತಂದದ್ದು, ಕೋಳಿಮೊಟ್ಟೆಗಿಂತ ಸಣ್ಣದು.
ಅವಳು ಟಿವಿ ಕಡೆ ತಿರುಗಿದಾಗ ನಾಲ್ಕು ಬಿಲ್ಲೆ ಮಾಡಿ
ಗೆಡ್ಡೆಕೋಸಿನ ಅಡಿಗೆ ಸೇರಿಸಿದೆ.
"ಎಷ್ಟು ಗ್ರಾಂ ಅದು?" ತಿರುಗದೆಯೇ ಕೇಳಿದಳು.
"ನಲವತ್ತು," ಅಂದೆ,
ತೂಗದೆಯೇ.

ಟೊಮೆಟೊ, ಒಂದು ಹಿಡಿ ಸಬ್ಬಸಿಗೆ.
ಮುಚ್ಚಳಕ್ಕೆ ಊಟದ ತಟ್ಟೆಯನ್ನೇ ಕವುಚಿದೆ.
ಉಪ್ಪಿಗೆ ಮಾತ್ರ ಅವಳೇ ಎದ್ದು ಬಂದಳು.
ಭರಣಿಗೆ ಎಡಗೈ ಇಳಿಸಿದಳು, ಎತ್ತಿದಳು,
ಬಾಣಲೆಯ ಮೇಲೆ ಹಿಡಿದು ಹಾಗೇ ನಿಂತಳು.
ಹಬೆ ಅವಳ ಬಳೆಯಿಲ್ಲದ ಕೈಗೆ ಬಡಿಯುತ್ತಿತ್ತು.
"ಈ ಕೈಗೆ ಭಾಷೆ ಬರಲ್ಲ ಕಣ್ರೀ,"
ಅಂದು ಮುಷ್ಟಿಯನ್ನು ನನ್ನ ಅಂಗೈಗೆ ಬಿಚ್ಚಿದಳು.
ಅರ್ಧ ಹಾಕಿದೆ. ಅರ್ಧ ಭರಣಿಗೆ.
ಯಾಕೆ ಅರ್ಧ ಎಂದು
ಅವಳೂ ಕೇಳಲಿಲ್ಲ, ನನಗೂ ತಿಳಿಯದು.

ಎಡಗೈಯಲ್ಲಿ ಉಣ್ಣುವುದಿಲ್ಲವೆಂದು ಚಮಚ ಹಿಡಿದಳು.
ಚಮಚಕ್ಕೆ ಮೀನಿನ ಮುಳ್ಳು ಕಾಣುವುದಿಲ್ಲ.
ಒಂದೊಂದು ಚೂರನ್ನೂ ಬೆಳಕಿಗೆ ಹಿಡಿದು
ಎಳೆದೆಳೆದು ತಟ್ಟೆಯಂಚಿಗೆ ಇಟ್ಟೆ:
ಏಳು, ಎಂಟು, ಕೂದಲಿನಷ್ಟು ಸಣ್ಣದೊಂದು, ಒಂಬತ್ತು.
"ಉಪ್ಪು?"
"ಒಂಚೂರು ಮುಂದು," ಅಂದು
ಮುಂದಿನ ತುತ್ತಿಗೆ ಬಾಯಿ ತೆರೆದಳು.

ರಾತ್ರಿ ಬಾಣಲೆ ತಿಕ್ಕುವಾಗ
ತಳದಲ್ಲಿ ಕರಕಲಾದ ಬಿಲ್ಲೆಯೊಂದು ಕಚ್ಚಿಕೊಂಡಿತ್ತು.
ಕೆರೆದು ಬಾಯಿಗೆ ಹಾಕಿಕೊಂಡೆ.
"ಹತ್ತು ಗ್ರಾಂ,"
ಅಂದಳು ಒಳಗಿನಿಂದ.